ಖಾಲಿ ಅನ್ನಿಸಿದ ಟ್ಯಾಂಕ್: ಪೆಟ್ರೋಲಿಗೆ ನೀರು ಸೇರಿದ ಒಂದು ಪ್ರಕರಣ

ಗಾಡಿ ಕಂಪನಿ, ಊರು, ಬಂಕು, ಜನ ಯಾರ ಗುರುತೂ ಸಿಗದ ಹಾಗೆ ಇದನ್ನು ಬರೆದಿದ್ದೇನೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೂ, ಗಾಡಿ ನಿಂತಾಗ ಏನು ಕೇಳಬೇಕೆಂದು ತಿಳಿಯದ ಮಾಲೀಕರಿಗೂ ಉಪಯೋಗಕ್ಕೆ ಬಂದರೆ ಸಾಕು.

ಹಿನ್ನೆಲೆ

ಪೆಟ್ರೋಲ್ ಹ್ಯಾಚ್‌ಬ್ಯಾಕ್, ಹತ್ತು ವರ್ಷದ ಹತ್ತಿರ ಹಳೆಯದು. ಮಾಲೀಕರು ಮಲೆನಾಡಿನ ಒಬ್ಬ ಹೈಸ್ಕೂಲ್ ಮೇಷ್ಟ್ರು. ಮನೆಗೆ ಕಾರ್ ಶೆಡ್ ಇಲ್ಲ. ಗಾಡಿ ಅಂಗಳದಲ್ಲೇ ನಿಲ್ಲುತ್ತದೆ, ಮಳೆಗಾಲ ಪೂರ್ತಿ ನೆನೆಯುತ್ತದೆ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಏರು, ಆಮೇಲೆ ಅಷ್ಟೇ ಉದ್ದದ ಇಳಿಜಾರು. ಈ ಏರು ಇಳಿಜಾರಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜುಲೈ ತಿಂಗಳ ಜಡಿಮಳೆಯಲ್ಲಿ ಗಾಡಿ ಜರ್ಕ್ ಹೊಡೆಯಲು ಶುರುವಾಯಿತು. ಹಿಂದಿನ ದಿನ ಸಂಜೆಯಷ್ಟೇ ಮೇಷ್ಟ್ರು ಪೆಟ್ರೋಲ್ ಹಾಕಿಸಿದ್ದರು. ಹಾಗಾಗಿ ಅವರ ಮಟ್ಟಿಗೆ ತೀರ್ಪು ಅವತ್ತೇ ಆಗಿಹೋಯಿತು: ಬಂಕಿನವರು ನೀರು ಬೆರೆಸಿದ್ದಾರೆ. ಸ್ಟಾಫ್ ರೂಮಿನಲ್ಲೂ ಅದನ್ನೇ ಹೇಳಿದರು. ನಾಲ್ಕು ಜನ ಹೌದು ಹೌದು ಅಂದರು.

ಮೊದಲ ಗ್ಯಾರೇಜಿನಲ್ಲಿ

ಅಲ್ಲಿ ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಬಂದವು. ಪಿ0300, ಅಂದರೆ ಎಲ್ಲ ಸಿಲಿಂಡರುಗಳಲ್ಲೂ ಅಲ್ಲೊಂದು ಇಲ್ಲೊಂದು ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಪಿ0171, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ. ಮೆಕ್ಯಾನಿಕ್ ಮೊದಲನೆಯ ಕೋಡ್ ಹಿಡಿದುಕೊಂಡು ಹೊರಟರು. ಕಿಡಿ ಕೊಡುವ ಪ್ಲಗ್ ಬದಲಾಯಿಸಿದರು, ಪ್ಲಗ್ಗಿಗೆ ಕರೆಂಟ್ ಕೊಡುವ ಒಂದು ಕಾಯಿಲ್ ಬದಲಾಯಿಸಿದರು. ಜರ್ಕ್ ಹೋಗಲಿಲ್ಲ. ಆಮೇಲೆ ಟ್ಯಾಂಕಿಗೆ ನೀರು ತೆಗೆಯುವ ಔಷಧಿ ಅಂತ ಒಂದು ಬಾಟಲಿ ಸುರಿದರು. ಅದೂ ಕೆಲಸ ಮಾಡಲಿಲ್ಲ. ಕೊನೆಗೆ ಪೆಟ್ರೋಲ್ ಹಾಕುವ ಬಾಯಿಂದ ಪೈಪ್ ಇಳಿಸಿ, ಬಂದಷ್ಟು ಪೆಟ್ರೋಲ್ ಎಳೆದು ತೆಗೆದು, ಹೊಸದು ಹಾಕಿ ಕಳಿಸಿದರು.

ಗಾಡಿ ಓಡಿತು. ಮೇಷ್ಟ್ರಿಗೂ ಖುಷಿ. ಎರಡನೇ ಸಲ ಬೇರೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದರು. ಆದರೂ ಮುಂದಿನ ವಾರ ಅದೇ ಜರ್ಕ್, ಜೊತೆಗೆ ಮೀಟರಿನಲ್ಲಿ ಎಂಜಿನ್ ತೊಂದರೆ ತೋರಿಸುವ ಹಳದಿ ದೀಪ ಮಿನುಗುತ್ತಿತ್ತು. ಆ ದೀಪ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಓಡಿಸಬಾರದು. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕರಗಿಹೋಗುವಷ್ಟು ಬಿಸಿಯಾಗುತ್ತದೆ. ಮೇಷ್ಟ್ರು ಪುಣ್ಯಕ್ಕೆ ಗಾಡಿ ಪಕ್ಕಕ್ಕೆ ಹಾಕಿ ಫೋನ್ ಮಾಡಿದರು. ಹಾಗೆ ಅದು ನಮ್ಮಲ್ಲಿಗೆ ಬಂತು.

ಏರುವಾಗ ಸರಿ, ಇಳಿಯುವಾಗ ಇಲ್ಲ

ಕೀ ತಗೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿದೆ. “ಮೇಷ್ಟ್ರೇ, ಜರ್ಕ್ ಜಾಸ್ತಿ ಬರೋದು ಎಲ್ಲಿ?”

“ಘಾಟಿ ಹತ್ತುವಾಗ ಏನೂ ಇಲ್ಲ. ಇಳಿದು ತಿರುವಿನಲ್ಲಿ ಆಕ್ಸಲರೇಟರ್ ಒತ್ತಿದ ತಕ್ಷಣ ಶುರು.”

ಇದು ವಿಚಿತ್ರ ಅಲ್ವಾ? ಕಾಯಿಲ್ ಅಥವಾ ಪ್ಲಗ್ ಕೆಟ್ಟಿದ್ದರೆ ಏರಿನಲ್ಲಿ, ಎಂಜಿನ್ ಮೇಲೆ ಭಾರ ಬಿದ್ದಾಗ ತೊಂದರೆ ಜಾಸ್ತಿಯಾಗಬೇಕು. ಇಲ್ಲಿ ಉಲ್ಟಾ. ಅಂದರೆ ಗಾಡಿ ಮುಂದಕ್ಕೆ ಬಾಗಿದಾಗ ಟ್ಯಾಂಕಿನೊಳಗೆ ಏನೋ ಮುಂದಕ್ಕೆ ಹರಿದು ಬರುತ್ತಿದೆ. ಈ ಗಾಡಿಯ ಟ್ಯಾಂಕಿನ ತಳ ಮಟ್ಟಸವಾಗಿಲ್ಲ. ಮುಂದೊಂದು ತಗ್ಗು, ಹಿಂದೊಂದು ತಗ್ಗು, ನಡುವೆ ಸಣ್ಣ ದಿಬ್ಬ. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪ್ ಇರುವುದು ಮುಂದಿನ ತಗ್ಗಿನಲ್ಲಿ. ಪೈಪ್ ಇಳಿಸಿ ಎಳೆದಾಗ ಹಿಂದಿನ ತಗ್ಗಿನಲ್ಲಿದ್ದದ್ದು ಅಲ್ಲೇ ಉಳಿದಿತ್ತು. ಅಷ್ಟೇ ಅಲ್ಲ, ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಹಾಕುವ ಪೈಪು ಟ್ಯಾಂಕ್ ಸೇರುವ ಕಡೆ ಒಂದು ವಾಲ್ವ್ ಇರುವುದರಿಂದ ಹೊರಗಿನ ಪೈಪು ತಳದವರೆಗೆ ಹೋಗುವುದೇ ಕಷ್ಟ.

ಮೊದಲ ಗ್ಯಾರೇಜಿನವರನ್ನು ದೂರಿ ಪ್ರಯೋಜನವಿಲ್ಲ. ಮೇಲಿನಿಂದ ನೋಡಿದರೆ ಟ್ಯಾಂಕ್ ಖಾಲಿಯಾಗಿತ್ತು. ಆದರೆ ನೀರಿನ ತೊಂದರೆ ಇರುವುದೇ ಆ ಕೊನೆಯ ಅರ್ಧ ಲೀಟರಿನಲ್ಲಿ.

ಬಾಟಲಿ ಪರೀಕ್ಷೆ

ಮೊದಲು ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಗೆ ಹಾಕಿ ನಿಲ್ಲಿಸಿದೆವು. ಮೇಲೆ ಪೆಟ್ರೋಲಿನ ಕಿತ್ತಳೆ ಬಣ್ಣ, ತಳದಲ್ಲಿ ತೆಳುವಾದ ಪೇಲವ ಪದರ. ಅನುಮಾನ ಉಳಿಯಬಾರದು ಅಂತ ಮಿಠಾಯಿಗೆ ಹಾಕುವ ಹಸಿರು ಬಣ್ಣದ ಪುಡಿ ಚಿಟಿಕೆ ಉದುರಿಸಿದೆ. ಆ ಪುಡಿ ಪೆಟ್ರೋಲಿನಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅದು ಕಿತ್ತಳೆ ಪದರದಲ್ಲಿ ಸುಮ್ನೆ ಕೆಳಗಿಳಿದು, ತಳ ಮುಟ್ಟಿದ ಕೂಡಲೇ ಹಸಿರು ಹರಡಿತು. ಮೇಷ್ಟ್ರು ವಿಜ್ಞಾನದವರು. ಮುಂದಿನ ವಾರ ಮಕ್ಕಳಿಗೆ ತೋರಿಸುತ್ತೇನೆ ಅಂತ ಬಾಟಲಿ ಕೇಳಿದರು. ಕೊಡಲಿಲ್ಲ. ಪೆಟ್ರೋಲ್ ಇರುವ ಗಾಜಿನ ಬಾಟಲಿ ಕ್ಲಾಸ್ ರೂಮಿನೊಳಗೆ ಹೋಗುವ ವಸ್ತು ಅಲ್ಲ.

ತಳದಲ್ಲಿದ್ದದ್ದು ಬರೀ ನೀರಲ್ಲ, ನೀರು ಮತ್ತು ಎಥೆನಾಲ್ ಸೇರಿದ್ದು. 20 ಶೇಕಡಾ ಎಥೆನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಎಥೆನಾಲ್ ನೀರನ್ನು ಹಿಡಿದುಕೊಳ್ಳುತ್ತದೆ, ಅದಕ್ಕೂ ಒಂದು ಮಿತಿ ಇದೆ. ಎಥೆನಾಲ್ 10 ಶೇಕಡಾ ಇದ್ದರೆ 15 ಡಿಗ್ರಿ ಚಳಿಯಲ್ಲಿ ಸುಮಾರು ಅರ್ಧ ಶೇಕಡಾ ನೀರನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. 20 ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಮಿತಿ ದಾಟಿತೋ, ನೀರು ಎಥೆನಾಲನ್ನೂ ಎಳೆದುಕೊಂಡು ತಳಕ್ಕೆ ಹೋಗುತ್ತದೆ. ಚಳಿ ಜಾಸ್ತಿಯಾದಷ್ಟೂ ಮಿತಿ ಕಮ್ಮಿ. ಹಗಲು ಸರಿಯಿದ್ದ ಪೆಟ್ರೋಲ್ ರಾತ್ರಿ ಒಡೆಯುವುದು ಹೀಗೆ. ನೀರು ತೆಗೆಯುವ ಔಷಧಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಒಂದು ಬಗೆಯ ಆಲ್ಕೋಹಾಲೇ. ಐದನೇ ಒಂದು ಭಾಗ ಆಗಲೇ ಆಲ್ಕೋಹಾಲ್ ಇರುವ ಪೆಟ್ರೋಲಿಗೆ ಇನ್ನೊಂದು ಸಣ್ಣ ಬಾಟಲಿ ಹಾಕಿದರೆ ಏನಾದೀತು? ಇಷ್ಟು ನೀರು ಇದ್ದಾಗ ಅದಕ್ಕೆ ಕೊಟ್ಟ ದುಡ್ಡು ದಂಡ.

ಮೇಲಿನ ಪದರ ಚೆನ್ನಾಗಿ ಕಾಣುತ್ತದೆ, ಅದನ್ನಾದರೂ ಉಳಿಸಿಕೊಳ್ಳೋಣ ಅಂತ ಮೇಷ್ಟ್ರು ಅಂದರು. ಎಥೆನಾಲ್ ಕೆಳಗೆ ಹೋದ ಮೇಲೆ ಮೇಲಿನ ಪೆಟ್ರೋಲಿನ ಆಕ್ಟೇನ್ ಇಳಿದಿರುತ್ತದೆ, ಅದು ಹೊತ್ತಿಗೆ ಮೊದಲೇ ಉರಿದು ಎಂಜಿನ್ ಟಕಟಕ ಅಂತ ನಾಕ್ ಹೊಡೆಯುತ್ತದೆ. ಎಲ್ಲವನ್ನೂ ತೆಗೆಯಬೇಕು ಅಂತ ತೀರ್ಮಾನವಾಯಿತು.

ಅವತ್ತು ಕೆಲಸ ಶುರು ಮಾಡಲಿಲ್ಲ

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವ ತೀರ್ಮಾನ ಇದು. ಗಾಡಿ ಬಂದದ್ದು ಮಧ್ಯಾಹ್ನ. ಹೊರಗೆ ಮಳೆ. ಗಾಡಿಯ ಅಡಿ ನಿಂತು ಕೆಲಸ ಮಾಡುವ ಗುಂಡಿ, ಅಂದರೆ ಪಿಟ್ ಖಾಲಿ ಇತ್ತು, ಹುಡುಗ ಗಾಡಿಯನ್ನು ಅದರ ಮೇಲೆ ನಿಲ್ಲಿಸಲು ಹೊರಟಿದ್ದ. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಗೇಟ್ ಕೆಲಸ ನಡೆದಿತ್ತು. ಮೇಷ್ಟ್ರು ಮರುದಿನ ಒಂದು ಮದುವೆಗೆ ಹೋಗಬೇಕಿತ್ತು.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಪಿಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡಾ ಆವಿ ಇದ್ದರೆ ಕಿಡಿ ಸಾಕು. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಇದು. ಮಳೆಯ ತಂಪಿಗೆ ಏನೂ ಆಗಲ್ಲ ಅನ್ನುವ ಮಾತಿಗೆ ಅರ್ಥವಿಲ್ಲ. ಮೇಷ್ಟ್ರಿಗೆ ಮದುವೆಗೆ ಬಸ್ಸಿನಲ್ಲಿ ಹೋಗಲು ಹೇಳಿದೆ. ಮುಖ ಊದಿಸಿಕೊಂಡೇ ಹೋದರು. ಗಾಡಿಯನ್ನು ನಾಲ್ಕೂ ಕಡೆ ತೆರೆದಿರುವ ತಗಡಿನ ಮಾಡಿನ ಕೆಳಗೆ ತಳ್ಳಿ ನಿಲ್ಲಿಸಿದೆವು. ವೆಲ್ಡಿಂಗ್ ಅಂಗಡಿ ತೆರೆಯುವುದು ಹತ್ತರ ಮೇಲೆ. ಬೆಳಿಗ್ಗೆ ಬೇಗ ಬಂದು ಅದಕ್ಕೆ ಮೊದಲೇ ಟ್ಯಾಂಕಿನ ಕೆಲಸ ಮುಗಿಸುವುದು ಅಂತ ಮಾತಾಯಿತು.

ನೀರು ಬಂದದ್ದು ಎಲ್ಲಿಂದ

ಎರಡು ಬೇರೆ ಬೇರೆ ಬಂಕು, ಒಂದೇ ತೊಂದರೆ. ಬಂಕಿನ ಮೇಲಿನ ಅನುಮಾನ ಅಲ್ಲೇ ಅರ್ಧ ಸತ್ತಿತ್ತು. ಬೆಳಿಗ್ಗೆ ಏನನ್ನೂ ಬಿಚ್ಚುವ ಮೊದಲು, ಪೆಟ್ರೋಲ್ ಹಾಕುವ ಬಾಯಿಯ ಕ್ಯಾಪ್ ಬಿಗಿಯಾಗಿ ಹಾಕಿಟ್ಟು, ಅದರ ಸುತ್ತ ಇರುವ ಬಟ್ಟಲಿನಂಥ ಜಾಗಕ್ಕೆ ಒಂದು ಲೋಟ ನೀರು ಹಾಕಿದೆ. ಸಾಮಾನ್ಯವಾಗಿ ಅಲ್ಲಿ ಬಿದ್ದ ನೀರು ಒಂದು ಸಣ್ಣ ತೂತಿನಿಂದ ಇಳಿದು, ಪೈಪಿನ ಮೂಲಕ ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ಬೀಳಬೇಕು. ಬೀಳಲಿಲ್ಲ. ನೀರು ಕ್ಯಾಪಿನ ಕತ್ತಿನವರೆಗೆ ನಿಂತೇ ಇತ್ತು.

ಪೈಪ್ ಬಿಚ್ಚಿ ನೋಡಿದರೆ ಕಣಜದ ಮಣ್ಣಿನ ಗೂಡು. ಒಳಗೆ ಗಟ್ಟಿಯಾಗಿ ಕಚ್ಚಿಕೊಂಡು ಕೂತಿತ್ತು. ಕ್ಯಾಪಿನ ರಬ್ಬರ್ ವಾಶರ್ ಒಂದು ಕಡೆ ಬಿರುಕು ಬಿಟ್ಟಿತ್ತು, ಉಗುರಿನಿಂದ ಒತ್ತಿದರೆ ಬಾಯಿ ತೆರೆಯುತ್ತಿತ್ತು. ರಾತ್ರಿ ಟ್ಯಾಂಕ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಎಳೆಯುತ್ತದೆ. ಹೊರಗೆ ನಿಂತಿದ್ದದ್ದು ಮಳೆನೀರು. ಅಂಗಳದಲ್ಲಿ ನಿಂತ ಗಾಡಿ ದಿನಾ ರಾತ್ರಿ ಗುಟುಕು ಗುಟುಕಾಗಿ ನೀರು ಕುಡಿದಿದೆ.

ಇದನ್ನು ಮೊದಲೇ ನೋಡದೆ ಟ್ಯಾಂಕ್ ತೊಳೆದು ಕಳಿಸಿದ್ದರೆ ಮೂರನೇ ಸಲವೂ ಗಾಡಿ ವಾಪಸ್ ಬರುತ್ತಿತ್ತು.

ತೆಗೆದ ಬಗೆ

ಎಂಜಿನ್, ಸೈಲೆನ್ಸರ್ ಪೂರ್ತಿ ತಣ್ಣಗಿದ್ದವು. ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಸೆಲ್ಫ್ ಹೊಡೆದೆವು. ಲೈನಿನಲ್ಲಿದ್ದ ಪೆಟ್ರೋಲ್ ಮುಗಿದು ಎಂಜಿನ್ ತಾನಾಗೇ ನಿಂತಿತು. ಲೈನಿನಲ್ಲಿ ಮೂರು ಬಾರ್ ಆಸುಪಾಸಿನ ಒತ್ತಡ ಇರುತ್ತದೆ. ಅದನ್ನು ಇಳಿಸದೆ ಪೈಪ್ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದೆವು. ಡೀಸೆಲ್ ಗಾಡಿಗೆ ಈ ಲೆಕ್ಕ ನಡೆಯುವುದಿಲ್ಲ. ಡೀಸೆಲನ್ನು ಇಂಜೆಕ್ಟರುಗಳಿಗೆ ಹಂಚುವ ಪೈಪಿನಲ್ಲಿ (ಕಾಮನ್ ರೈಲು) ಒತ್ತಡ ಸಾವಿರ ಬಾರ್ ದಾಟುತ್ತದೆ, ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಅದಕ್ಕೆ ಆ ಗಾಡಿಯ ಕಂಪನಿ ಪುಸ್ತಕ ನೋಡಿಯೇ ಕೈ ಹಾಕಬೇಕು.

ಹುಡುಗ ಹೊಸಬ. ಅಭ್ಯಾಸ ಬಲದಿಂದ ಪೈಪಿನ ತುದಿ ಬಾಯಿಗೆ ಇಟ್ಟುಕೊಂಡ. ಕೈ ಹಿಡಿದು ನಿಲ್ಲಿಸಿದೆ.

“ಏನಾಗಲ್ಲ ಅಣ್ಣಾ, ಊರಲ್ಲಿ ಎಲ್ರೂ ಹೀಗೇ ಎಳೆಯೋದು.”

ಎಲ್ಲರೂ ಎಳೆಯುತ್ತಾರೆ, ನಿಜ. ಒಂದು ಗುಟುಕು ಹೊಟ್ಟೆಗೆ ಹೋಗುವುದಕ್ಕಿಂತ ಕೆಲವು ಹನಿ ಶ್ವಾಸಕೋಶಕ್ಕೆ ಹೋಗುವುದು ಅಪಾಯ. ಕೆಮ್ಮು, ಉಸಿರುಕಟ್ಟು, ಆಮೇಲೆ ನ್ಯುಮೋನಿಯಾ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಲೂಬಾರದು, ಮೇಲೆ ಬರುವಾಗ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಾವು ಬಳಸಿದ್ದು ಕೈಯಲ್ಲಿ ತಿರುಗಿಸುವ ಪಂಪು.

ಅವನ ನೈಲಾನ್ ಜರ್ಕಿನ್ ಕೂಡ ತೆಗೆಸಿದೆ. ತೆಗೆಯುವಾಗ ಚಟ್ ಚಟ್ ಅನ್ನುವ ಆ ಸಣ್ಣ ಸದ್ದು ಎಲ್ಲರೂ ಕೇಳಿದ್ದೇ. ಆ ಕಿಡಿಯೇ ಪೆಟ್ರೋಲ್ ಆವಿಗೆ ಸಾಕು. ಹತ್ತಿ ಅಂಗಿ, ನೈಟ್ರೈಲ್ ಗ್ಲೌಸ್. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಕಬ್ಬಿಣದ ಕ್ಯಾನನ್ನು ನೆಲದ ಮೇಲೆ ಇಟ್ಟು, ಎರಡರ ನಡುವೆ ಅಂಥ ಕಿಡಿ ಹಾರದಿರಲಿ ಅಂತ ಅದಕ್ಕೂ ಗಾಡಿಯ ಬಾಡಿಗೂ ಕ್ಲಿಪ್ ಇರುವ ತಾಮ್ರದ ವೈರ್ ಸಿಕ್ಕಿಸಿದೆವು. ಗ್ಯಾರೇಜಿನ ಹ್ಯಾಂಡ್ ಲ್ಯಾಂಪ್ ಹತ್ತಿರ ತರಲಿಲ್ಲ. ಬಲ್ಬ್ ಒಡೆದರೆ ಒಳಗಿನ ಕಾದ ತಂತಿ ಆಚೆ ಬರುತ್ತದೆ. ಬೆಳಗಿನ ಬೆಳಕೇ ಸಾಕಾಯಿತು. ಇನ್ನೊಬ್ಬನ ಕೈಗೆ ಬೆಂಕಿ ಆರಿಸುವ ಪೌಡರ್ ಸಿಲಿಂಡರ್ (ಎಬಿಸಿ ಬಗೆಯದು) ಕೊಟ್ಟು ಗಾಳಿ ಬರುವ ಕಡೆ ನಿಲ್ಲಿಸಿದೆ. ಅವನಿಗೆ ಬೇರೆ ಕೆಲಸ ಇಲ್ಲ, ಸ್ಪ್ಯಾನರ್ ಕೊಡುವುದೂ ಇಲ್ಲ. ನೋಡುತ್ತಾ ನಿಲ್ಲುವುದೇ ಕೆಲಸ.

ಹಿಂದಿನ ಸೀಟಿನ ಕೆಳಗೆ ಪಂಪಿನ ಮುಚ್ಚಳ. ಸುತ್ತಲಿನ ಮಣ್ಣನ್ನು ಒದ್ದೆ ಬಟ್ಟೆಯಿಂದ ಮೊದಲೇ ಒರೆಸಿಟ್ಟೆವು. ಬಿಚ್ಚಿದ ಮೇಲೆ ಒರೆಸಿದರೆ ಅದು ಬೀಳುವುದು ಟ್ಯಾಂಕಿನೊಳಗೇ. ಪೆಟ್ರೋಲ್ ಎಳೆದು ಮುಗಿಸಿ ಪಂಪಿನ ಜೋಡಣೆಯನ್ನು ಮೇಲೆತ್ತಿದೆವು. ಅದರ ಬುಡದಲ್ಲಿ ಲೋಟದ ಆಕಾರದ ಒಂದು ಪ್ಲಾಸ್ಟಿಕ್ ಪಾತ್ರೆ ಇರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿಯಿದ್ದಾಗಲೂ ಪಂಪು ಒಣಗದಿರಲಿ ಅಂತ ಅದನ್ನು ಇಟ್ಟಿರುತ್ತಾರೆ. ಅದನ್ನು ಟ್ರೇಗೆ ಬಗ್ಗಿಸಿದರೆ ಅಂಗೈ ತುಂಬುವಷ್ಟು ಮೋಡಗಟ್ಟಿದ ನೀರು ಬಂತು. ಜಾಲರಿಗೆ ಲೋಳೆಯಂಥ ಕೆಸರು ಹತ್ತಿತ್ತು. ಹೊಸ ಪೆಟ್ರೋಲ್ ಎಷ್ಟೇ ಹಾಕಿದರೂ ಎಂಜಿನ್ ಮೊದಲು ಕುಡಿಯುವುದು ಇದನ್ನೇ.

ಹಿಂದಿನ ತಗ್ಗಿಗೆ ಕೈ ಎಟುಕಲಿಲ್ಲ. ಇಕ್ಕಳಕ್ಕೆ ಬಟ್ಟೆ ಸಿಕ್ಕಿಸಿ ಒರೆಸೋಣವೇ, ಟ್ಯಾಂಕ್ ಇಳಿಸೋಣವೇ? ಇಳಿಸಿದರೆ ಅರ್ಧ ದಿನದ ಕೆಲಸ, ಮಜೂರಿ ಜಾಸ್ತಿ. ಒರೆಸಿದರೆ ಪೂರ್ತಿ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಎರಡನ್ನೂ ಹೇಳಿದೆ. “ಇಳಿಸಿಬಿಡಿ ಮಾರಾಯ್ರೇ, ಮತ್ತೆ ಮತ್ತೆ ಬೇಡ” ಅಂದರು. ಇಳಿಸಿದೆವು.

ಖಾಲಿ ಟ್ಯಾಂಕ್ ಕೈಗೆ ಬಂದಾಗ ಹುಡುಗರು ಇನ್ನೇನು ಮುಗಿಯಿತು ಅನ್ನುವ ಹಾಗೆ ಸಡಿಲವಾಗುತ್ತಾರೆ. ಅಪಾಯ ಜಾಸ್ತಿ ಇರುವುದು ಆಗಲೇ. ತುಂಬಿದ ಟ್ಯಾಂಕಿನೊಳಗೆ ಆವಿ ದಟ್ಟವಾಗಿರುತ್ತದೆ, ಉರಿಯಲು ಬೇಕಾದ ಗಾಳಿ ಇರುವುದಿಲ್ಲ. ಖಾಲಿ ಮಾಡಿ ಬಾಯಿ ತೆರೆದಾಗ ಗಾಳಿ ಒಳಗೆ ಹೋಗಿ ಸರಿಯಾಗಿ ಹೊತ್ತಿಕೊಳ್ಳುವ ಮಿಶ್ರಣ ಆಗುತ್ತದೆ. ಹಳೇ ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಹೋಗಿ ಸಿಡಿದ ಕತೆ ಯಾವ ಊರಿನಲ್ಲಿ ಇಲ್ಲ ಹೇಳಿ? ಹಾಗಾಗಿ ಕಂಪ್ರೆಸರ್ ಗಾಳಿ ಹೊಡೆಯಲಿಲ್ಲ, ಹೀಟ್ ಗನ್ ಹಿಡಿಯಲಿಲ್ಲ. ಸೋಪು ನೀರಂತೂ ಕೇಳಲೇಬೇಡಿ, ನೀರು ತೆಗೆಯಲು ಹೊರಟವರು ನೀರು ಹಾಕುವುದೇ? ಸ್ವಲ್ಪ ಹೊಸ ಪೆಟ್ರೋಲ್ ಹಾಕಿ, ನಿಧಾನವಾಗಿ ಅಲ್ಲಾಡಿಸಿ, ಕ್ಯಾನಿಗೆ ಬಗ್ಗಿಸಿದೆವು. ಬಾಟಲಿಯಲ್ಲಿ ಒಂದೇ ಪದರ ಕಾಣುವವರೆಗೆ ಹೀಗೇ ನಡೆಯಿತು. ಆಮೇಲೆ ಬಾಯಿ ಕೆಳಗೆ ಮಾಡಿ ಬಯಲಿನಲ್ಲಿ ಒರಗಿಸಿಟ್ಟೆವು.

ಟ್ಯಾಂಕ್ ಮತ್ತೆ ಕೂರಿಸಿ, ಹೊಸ ಪೆಟ್ರೋಲ್ ಹಾಕಿ, ಎಂಜಿನ್ ಕಡೆಯ ಪೈಪಿನ ತುದಿಯನ್ನು ಕ್ಯಾನಿಗೆ ಬಿಟ್ಟೆವು. ಆವಿಯ ವಾಸನೆ ಪೂರ್ತಿ ಹೋದ ಮೇಲೆ ಮಾತ್ರ ಬ್ಯಾಟರಿ ಜೋಡಿಸಿ ಪಂಪ್ ಓಡಿಸಿ ಲೈನ್ ತೊಳೆದೆವು. ಜಾಲರಿ ಹೊಸದು. ಇಂಜೆಕ್ಟರ್ ಬಿಚ್ಚಲಿಲ್ಲ. ಮೊದಲ ಗ್ಯಾರೇಜಿನವರು ಅದಕ್ಕೂ ಎಸ್ಟಿಮೇಟ್ ಕೊಟ್ಟಿದ್ದರು. ಶುದ್ಧ ಪೆಟ್ರೋಲಿನಲ್ಲಿ ಓಡಿಸಿ ನೋಡಿ, ಆಮೇಲೂ ಮಿಸ್‌ಫೈರ್ ಇದ್ದರೆ ಬಿಚ್ಚೋಣ ಅಂತ ನನ್ನ ಅಭಿಪ್ರಾಯ. ಡಿಪ್‌ಸ್ಟಿಕ್ ತೆಗೆದು ಮೂಸಿದೆ, ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇರಲಿಲ್ಲ, ಮಟ್ಟವೂ ಏರಿರಲಿಲ್ಲ. ಅದನ್ನೂ ಬದಲಾಯಿಸಲಿಲ್ಲ.

ಕ್ಯಾನಿನಲ್ಲಿ ಉಳಿದದ್ದು

“ಅಣ್ಣಾ, ಇದನ್ನ ವೀಡ್ ಕಟ್ಟರಿಗೆ ಹಾಕಬಹುದಲ್ವಾ?” ಅಂತ ಹುಡುಗ ಕೇಳಿದ. ಅವರ ಮನೆಯಲ್ಲಿ ಅಡಿಕೆ ತೋಟ ಇದೆ. ಬೇಡ ಅಂದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಜಾರುವಿಕೆ ಸಿಗುವುದು ಪೆಟ್ರೋಲಿಗೆ ಬೆರೆಸಿದ ಆಯಿಲಿನಿಂದ. ನೀರು ಎಥೆನಾಲಿನ ಪದರಕ್ಕೆ ಆ ಆಯಿಲ್ ಬೆರೆಯುವುದೇ ಇಲ್ಲ. ಎಂಜಿನ್ ಆ ಪದರವನ್ನು ಎಳೆದುಕೊಂಡರೆ ಪಿಸ್ಟನ್ ಸೀಜ್, ಅಂದರೆ ಕಚ್ಚಿಕೊಂಡು ನಿಲ್ಲುತ್ತದೆ. ಚರಂಡಿಗೆ ಸುರಿದರೆ ನಮ್ಮ ಕಡೆ ಅದು ತೋಟದ ಕಾಲುವೆಗೆ, ಅಲ್ಲಿಂದ ಯಾರದ್ದೋ ಬಾವಿಗೆ ಹೋಗುತ್ತದೆ. ಮುಚ್ಚಳ ಇರುವ ಲೋಹದ ಕ್ಯಾನಿನಲ್ಲಿ ಹಾಕಿ, ಮೇಲೆ ಏನಿದೆ ಅಂತ ದೊಡ್ಡದಾಗಿ ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ವೇಸ್ಟ್ ಆಯಿಲ್ ಸಂಗ್ರಹದವರಿಗೆ ಕೊಟ್ಟೆವು. ಜಾಸ್ತಿ ದಿನ ಇಟ್ಟುಕೊಳ್ಳುವಂತೆಯೂ ಇಲ್ಲ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ.

ಬಂಕು ಮತ್ತು ಬಿಲ್ಲು

ಮೇಷ್ಟ್ರಿಗೆ ಬಂಕಿನ ವಿಷಯದಲ್ಲಿ ಇನ್ನೂ ಮನಸ್ಸು ಒಪ್ಪಿರಲಿಲ್ಲ. ಜೊತೆಗೆ ಹೋಗಿ ಕೇಳಿದೆವು. ಬಂಕಿನವರು ಬೇಜಾರು ಮಾಡಿಕೊಳ್ಳದೆ ಪೆಟ್ರೋಲಿನ ಡೆನ್ಸಿಟಿ (ಸಾಂದ್ರತೆ) ನೋಡಿ ತೋರಿಸಿದರು. 15 ಡಿಗ್ರಿಗೆ ಲೆಕ್ಕ ಹಾಕಿದಾಗ ಬರುವ ಅಂಕಿ ದಾಖಲೆಯಲ್ಲಿರುವ ಅಂಕಿಗಿಂತ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ಆಚೀಚೆ ಇರಬಾರದು. ಸರಿಯಿತ್ತು. ಡೆನ್ಸಿಟಿಯಲ್ಲಿ ಸ್ವಲ್ಪ ನೀರು ಗೊತ್ತಾಗುವುದಿಲ್ಲ, ಅದಕ್ಕೆ ನೆಲದಡಿಯ ಟ್ಯಾಂಕಿಗೆ ಇಳಿಸುವ ಅಳತೆ ಕೋಲಿಗೆ, ನೀರು ತಾಗಿದರೆ ಬಣ್ಣ ಬದಲಾಗುವ ವಾಟರ್ ಪೇಸ್ಟ್ ಹಚ್ಚಿ ನೋಡಬೇಕು. ಎಥೆನಾಲ್ ಪೆಟ್ರೋಲಿಗೆ ಬೇರೆಯದೇ ಪೇಸ್ಟ್ ಬೇಕು, ಅದೂ ಅವರಲ್ಲಿತ್ತು. ಬಣ್ಣ ಬದಲಾಗಲಿಲ್ಲ. ಪೆಟ್ರೋಲ್ ಹಾಕಿಸುವ ಯಾರೇ ಆದರೂ ಡೆನ್ಸಿಟಿ ಮತ್ತು ಫಿಲ್ಟರ್ ಪೇಪರ್ ಪರೀಕ್ಷೆ (ಕಾಗದದ ಮೇಲೆ ಪೆಟ್ರೋಲ್ ಹನಿ ಹಾಕಿ ಕಲೆ ಉಳಿಯುತ್ತದೆಯೇ ಅಂತ ನೋಡುವುದು) ಕೇಳಬಹುದು. ಅನುಮಾನ ಇದ್ದರೆ ಬಿಲ್ ಇಟ್ಟುಕೊಂಡು ಅವತ್ತೇ ಕೇಳಬೇಕು, ವಾರ ಕಳೆದ ಮೇಲೆ ಕೇಳಿದರೆ ಹೊಸ ಲೋಡ್ ಬಂದಿರುತ್ತದೆ.

ಬಿಲ್ಲಿನಲ್ಲಿ ಜಾಸ್ತಿ ಆದದ್ದು ಟ್ಯಾಂಕ್ ಇಳಿಸಿದ ಮಜೂರಿ. ಕ್ಯಾಪು, ಜಾಲರಿ, ಪೈಪ್ ಮೂರೂ ಸೇರಿಸಿದರೂ ಅದರ ಹತ್ತಿರ ಬರಲಿಲ್ಲ. ಮೊದಲ ಗ್ಯಾರೇಜಿನಲ್ಲಿ ತೆಗೆದ ಹಳೇ ಕಾಯಿಲನ್ನು ಮೇಷ್ಟ್ರು ಕೇಳಿ ತಂದಿದ್ದರು. ಅದನ್ನು ಹಾಕಿ ಓಡಿಸಿ ನೋಡಿದೆ, ಚೆನ್ನಾಗಿಯೇ ಇತ್ತು. ಹೊಸದನ್ನು ವಾಪಸ್ ತಗೊಂಡು ಆ ಗ್ಯಾರೇಜಿನವರು ಅರ್ಧ ದುಡ್ಡು ಕೊಟ್ಟರು. ಉಳಿದ ಅರ್ಧಕ್ಕೆ ಮೇಷ್ಟ್ರು ಇನ್ನೂ ಅವರ ಹತ್ತಿರ ಜಗಳ ಆಡುತ್ತಿದ್ದಾರೆ.